ಸೋಸುವ ಬಟ್ಟೆಯ ಕೆಂಪು

ಬಣ್ಣಗಾರನ ಹಿತ್ತಲಿನಲ್ಲಿ ಮೂರು ತಾಮ್ರದ ಹಂಡೆಗಳಿದ್ದವು. ಒಂದು ಹಳದಿಗೆ, ಒಂದು ಕಂದಿಗೆ, ಎಲ್ಲಕ್ಕಿಂತ ದೊಡ್ಡದು ಕೆಂಪಿಗೆ. ಹಳದಿ, ಕಂದುಗಳ ವಿಷಯದಲ್ಲಿ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಕೆಂಪು ಮಾತ್ರ ಎಂಟು ವರ್ಷದಿಂದ ಕೆಂಪಾಗಿ ಬರುತ್ತಿರಲಿಲ್ಲ. ಉಣ್ಣೆಯ ಬಟ್ಟೆಯನ್ನು ಹಂಡೆಯಿಂದ ಎತ್ತಿ ಹಿಂಡಿ ಒಣಗಿಸಿದರೆ ಇಟ್ಟಿಗೆ ಪುಡಿ ಬಳಿದ ಹಾಗೆ ಕಾಣುತ್ತಿತ್ತು. ಕೊಳ್ಳುವವರು ಇದೂ ಚೆನ್ನಾಗಿದೆ ಎಂದು ಒಯ್ಯುತ್ತಿದ್ದರು. ಬಣ್ಣಗಾರ ಅವರು ಹೋದ ಮೇಲೆ ಬಾಗಿಲ ಕಡೆ ನೋಡಿ ಮೂಗು ಮುರಿಯುತ್ತಿದ್ದ.

ಆ ಮಂಗಳವಾರ ನಾಟಕಶಾಲೆಯ ಮ್ಯಾನೇಜರು ಒಂದು ಅಂಗೈ ಅಗಲದ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಬಂದರು. ದೀಪವೊಂದು ವಾಲಿ ರಂಗದ ದೊಡ್ಡ ಪರದೆಯ ಒಂದು ಅಂಚು ಎರಡಾಳೆತ್ತರ ಸುಟ್ಟುಹೋಗಿತ್ತು. ಸುಟ್ಟ ಪಟ್ಟಿಯ ಜಾಗಕ್ಕೆ ಹೊಸದು ಹೊಲಿಯಬೇಕು, ಬಣ್ಣ ಮಾತ್ರ ಹಳೆಯದಕ್ಕೆ ಸರಿಹೊಂದಬೇಕು. ಆ ಪರದೆಗೆ ಬಣ್ಣ ಹಾಕಿದವನು ಬಣ್ಣಗಾರನ ಅಪ್ಪ, ಇದೇ ಹಂಡೆಯಲ್ಲಿ. ಶನಿವಾರ ಮಧ್ಯಾಹ್ನದೊಳಗೆ ಒಂದು ಮಾದರಿ ತೋರಿಸಿ, ಹೊಂದದಿದ್ದರೆ ಇಡೀ ಪರದೆಯನ್ನೇ ಇಳಿಸಿ ಕಾರ್ಖಾನೆಯದನ್ನು ತೂಗುಹಾಕಬೇಕು ಅಂತ ಮೇಲಿನವರು ತೀರ್ಮಾನಿಸಿದ್ದಾರೆ ಎಂದು ಮ್ಯಾನೇಜರು ತಾವೇ ತಪ್ಪು ಮಾಡಿದವರ ಹಾಗೆ ಹೇಳಿ ಹೋದರು.

ಗುರುವಾರ ಸಂಜೆಯ ಹೊತ್ತಿಗೆ ಹಗ್ಗದ ಮೇಲೆ ನಾಲ್ಕು ಮಾದರಿಗಳು ಒಣಗುತ್ತಿದ್ದವು. ನಾಲ್ಕೂ ಇಟ್ಟಿಗೆ. ಬಣ್ಣಗಾರ ಅವುಗಳ ಪಕ್ಕದಲ್ಲಿ ಪರದೆಯ ತುಂಡನ್ನು ಹಿಡಿದು ನೋಡಿದ. ಅದು ಮಾಗಿದ ಹಣ್ಣಿನ ಒಳಗಿನಂತೆ, ಒಂದಿಷ್ಟೂ ಕಂದಿಲ್ಲದ ಕೆಂಪು. ಅವನು ತುಂಡನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

"ಶನಿವಾರ ಆಗ್ಲಿಲ್ಲ ಅಂದ್ರೆ ಈ ಹಂಡೆನ ಬೋರಲು ಹಾಕಿಬಿಡ್ತೀನಿ ಮಗಳೇ. ಆಮೇಲೆ ಯಾರೂ ಕೆಂಪಿನ ಮಾತೆತ್ತಬಾರದು."

ಮಗಳು ನಾಲ್ಕು ಮಾದರಿಗಳನ್ನೂ ಹಗ್ಗದಿಂದ ಇಳಿಸಿದಳು. ಅವಳು ಹಂಡೆಯ ಮುಂದೆ ನಿಲ್ಲಲು ಶುರುಮಾಡಿ ಎಂಟು ವರ್ಷವಾಗಿತ್ತು. ಹುಡುಗಿಯಾಗಿದ್ದಾಗ ಆ ಕೆಂಪನ್ನು ಇದೇ ಹಗ್ಗದ ಮೇಲೆ ಸಾಲುಸಾಲಾಗಿ ನೋಡಿದ್ದಳು. ತನ್ನ ಕೈಯಾರೆ ಒಂದು ಸಲವೂ ತೆಗೆದಿರಲಿಲ್ಲ. ಹಂಡೆ ಬೋರಲು ಬಿದ್ದರೆ ಇನ್ನು ತೆಗೆಯುವ ಮಾತೂ ಇಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಅದೊಂದೇ ಅವಳ ತಲೆಯಲ್ಲಿ ಕೊರೆಯುತ್ತಿತ್ತು.

ಅಪ್ಪನ ಲೆಕ್ಕದಲ್ಲಿ ಇದಕ್ಕೆಲ್ಲ ಕಾರಣ ಅವನ ಅಕ್ಕ. ಊರಿನವರು ಅವಳನ್ನು ಮದ್ದಿನಮ್ಮ ಎನ್ನುತ್ತಿದ್ದರು. ಕಾಡಿನ ಅಂಚಿನಲ್ಲಿ ಎರಡು ಕೋಣೆಯ ಮನೆ, ಸೂರಿನಡಿ ಪೂರ್ತಿ ಒಣಗಿದ ಸೊಪ್ಪು, ತೊಗಟೆ, ಬೇರಿನ ಕಟ್ಟುಗಳು. ಬಣ್ಣಕ್ಕೂ ಮದ್ದಿಗೂ ಬೇಕಾದದ್ದು ಒಂದೇ ಬಳ್ಳಿ, ಮಂಜಿಷ್ಠ. ಅದರ ಬೇರು ತಮ್ಮನಿಗೆ ಕೆಂಪು, ಅಕ್ಕನಿಗೆ ತುರಿಕೆ, ಕುರು, ಮಾಯದ ಗಾಯಗಳ ಮದ್ದು. ಅದಕ್ಕೇ ಅವರ ಅಪ್ಪ ಬದುಕಿರುವಾಗಲೇ ಕಾಡಿನ ಇಳಿಜಾರನ್ನು ಹಂಚಿಕೊಟ್ಟಿದ್ದ. ಮೇಲಿನ ಅರ್ಧ ಮಗನಿಗೆ, ಕೆಳಗಿನ ಅರ್ಧ ಮಗಳಿಗೆ. ಯಾರೇ ಬೇರು ಅಗೆದರೂ ಅಲ್ಲೇ ಒಂದು ಬಳ್ಳಿಯನ್ನು ಬಗ್ಗಿಸಿ, ಅದರ ಒಂದು ಗಿಣ್ಣನ್ನು ಮತ್ತೆ ಬೇರು ಬಿಡುವಂತೆ ಮಣ್ಣಿನಲ್ಲಿ ಹೂತು, ಮೇಲೊಂದು ಕಲ್ಲಿಟ್ಟು ಬರಬೇಕು ಎಂಬುದು ಅವನ ಕಟ್ಟಪ್ಪಣೆ.

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೇಲಿನ ಅರ್ಧ ಪೂರ್ತಿ ಉತ್ತ ಹಾಗೆ ಬಗೆದುಬಿದ್ದಿತ್ತು. ಅಕ್ಕನೇ ಅಗೆದಳು ಎಂದ ತಮ್ಮ. ಕಾಡುಹಂದಿ ಎಂದಳು ಅಕ್ಕ. ಹಂದಿ ದಪ್ಪ ಬೇರನ್ನೇ ಆರಿಸಿ ತಿನ್ನುತ್ತದೆಯೇ ಎಂದು ಅವನು, ನನ್ನನ್ನು ಹಂದಿ ಎನ್ನುತ್ತೀಯಾ ಎಂದು ಅವಳು. ಕೆಂಪು ಕೆಟ್ಟದ್ದೂ ಅದೇ ವರ್ಷ. ದಪ್ಪ ಬೇರು ಹೋಯಿತು, ಕೆಂಪು ಹೋಯಿತು ಎಂದು ಅವನು ಮನಸ್ಸಿನಲ್ಲಿ ಗಂಟು ಹಾಕಿಕೊಂಡುಬಿಟ್ಟ. ಅಂದಿನಿಂದ ಅಕ್ಕತಮ್ಮಂದಿರು ನೇರವಾಗಿ ಮಾತಾಡುತ್ತಿರಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿದ್ದರೂ ಮಾತು ಮಗಳ ಮೂಲಕ ಹೋಗಿ ಬರಬೇಕಾಗಿತ್ತು.

ಶುಕ್ರವಾರ ಬೆಳಕು ಹರಿಯುತ್ತಿದ್ದಂತೆ ಅಪ್ಪ ಮಗಳು ಗುದ್ದಲಿ, ಗೋಣಿಚೀಲ ಹೊತ್ತು ಕಾಡಿಗೆ ಹೊರಟರು. ಒಂದೇ ಒಂದು ದಪ್ಪ ಬೇರು ಸಿಕ್ಕಿದರೂ ಸಾಕು ಎಂಬುದು ಅಪ್ಪನ ಆಸೆ. ಮಗಳ ಚೀಲದಲ್ಲಿ ಅತ್ತೆಗೆಂದು ಬಟ್ಟೆಯ ಚೂರುಗಳೂ ಇದ್ದವು. ಪಟಿಕದ ನೀರಿನಲ್ಲಿ ಕುದಿಸಿ ಬಣ್ಣಕ್ಕೆ ಸಿದ್ಧಮಾಡಿದ ಉಣ್ಣೆಯ ಬಟ್ಟೆಯಲ್ಲಿ ಕತ್ತರಿಸಿ ಉಳಿದ ಅಂಚುಗಳು ಅವು. ಅತ್ತೆ ಕಷಾಯ ಸೋಸಲು ಅವನ್ನು ಬಳಸುತ್ತಿದ್ದಳು. ಮಾತು ಬಿಟ್ಟ ಮೇಲೂ ಚೂರು ಕಳಿಸುವುದನ್ನು ಅಪ್ಪ ನಿಲ್ಲಿಸಿರಲಿಲ್ಲ. ಕೇಳಿದರೆ, ಕಸ ಕಡಿಮೆಯಾಗುತ್ತೆ ಎನ್ನುತ್ತಿದ್ದ.

ಇಳಿಜಾರಿನ ಮೇಲೆ ಬಳ್ಳಿ ಪೊದೆಪೊದೆಯಾಗಿ ಹಬ್ಬಿತ್ತು. ನಾಲ್ಕು ಮೂಲೆಯ ಸಣ್ಣ ಕಾಂಡ, ಗಿಣ್ಣಿಗೆ ನಾಲ್ಕು ಎಲೆ, ಮೈತುಂಬ ಕಣ್ಣಿಗೆ ಕಾಣದ ಕೊಕ್ಕೆ. ಹಾದುಹೋದವರ ತೋಳು ಹಿಡಿದು ಎಳೆಯುತ್ತದೆ. ಅಪ್ಪ ಒಂದು ಪೊದೆ ಅಗೆದ, ಪೆನ್ಸಿಲಿನಷ್ಟು ಸಣ್ಣ ಬೇರು. ಇನ್ನೊಂದು, ಅದೂ ಅಷ್ಟೇ. ಹತ್ತು ಪೊದೆಯಾಯಿತು. ಪ್ರತಿ ಸಲವೂ ಬಳ್ಳಿ ಬಗ್ಗಿಸಿ, ಗಿಣ್ಣು ಹೂತು, ಕಲ್ಲಿಟ್ಟು ಮುಂದೆ ಹೋದರು. ಕೊನೆಗೆ ಉರುಳಿಬಿದ್ದ ಮರದ ಬುಡದ ಹಿಂದೆ, ಗುದ್ದಲಿ ಹೋಗದ ಜಾಗದಲ್ಲಿ, ಮಗಳು ಬರಿಗೈಯಲ್ಲಿ ಮಣ್ಣು ತೋಡುತ್ತ ತೋಡುತ್ತ ಮೊಣಕೈವರೆಗೆ ಇಳಿದು ಏನನ್ನೋ ಹಿಡಿದಳು. ಎಳೆದಳು. ಹೆಬ್ಬೆರಳಿನ ದಪ್ಪ. ಉಗುರಿನಿಂದ ಕೆರೆದರೆ ಒಳಗೆ ಕೆಂಡದ ಬಣ್ಣ. ಅದರ ಪಕ್ಕದಲ್ಲೇ ಇನ್ನೊಂದು, ಅದರ ಕೆಳಗೆ ಮತ್ತೊಂದು.

ಅಪ್ಪ ಮೊಣಕಾಲೂರಿ ಕೂತುಬಿಟ್ಟ. ಬೇರನ್ನು ಮೂಸಿದ, ಕಡಿದ, ಉಗುಳಿದ. ಉಗುಳು ಕೆಂಪಾಗಿತ್ತು. ಅರವತ್ತು ದಾಟಿದ ಮನುಷ್ಯ ಇಳಿಜಾರನ್ನು ಓಡುತ್ತಲೇ ಇಳಿದ. ದಾರಿಯುದ್ದಕ್ಕೂ ಅದೇ ಮಾತು: ಮಧ್ಯಾಹ್ನವೇ ಕುಟ್ಟಿ ನೆನೆಹಾಕೋಣ, ನಾಳೆ ಬೆಳಿಗ್ಗೆ ಬಟ್ಟೆ ಇಳಿಸೋಣ, ಮ್ಯಾನೇಜರ ಬಾಯಿ ತೆರೆದೇ ಉಳಿಯಬೇಕು. ಮಗಳಿಗೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅತ್ತೆಯ ಮನೆ ದಾರಿಯಲ್ಲೇ. ಅಪ್ಪ ಹೊರಗೆ ನಿಂತ. ಅವನ ಲೆಕ್ಕಕ್ಕೆ ಚೂರು ಕೊಟ್ಟು ಬರಲು ಎರಡು ನಿಮಿಷ ಸಾಕು. ಮಗಳು ಮನೆಯ ಪಕ್ಕದಿಂದ ಬಳಸಿ ಹಿಂಬಾಗಿಲಿಗೆ ಹೋದಳು. ಅಲ್ಲಿ ಎರಡು ಗೂಟದ ನಡುವೆ ಒಂದು ದಾರ, ದಾರದ ಮೇಲೆ ಆಗಷ್ಟೇ ಹಿಂಡಿ ಹಾಕಿದ, ಅಂಚು ಎಳೆಬಿಟ್ಟ ಒಂದು ಚೂರು.

ಅವಳು ಚೀಲ ಕೆಳಗಿಟ್ಟಳು. ಚೂರನ್ನು ಮುಟ್ಟಿದಳು. ಬಿಸಿಲು ಅದರ ಮೂಲಕ ಹಾದು ಅವಳ ಅಂಗೈ ಮೇಲೆ ಕಂದಿಲ್ಲದ ಕೆಂಪಾಗಿ ಬೀಳುತ್ತಿತ್ತು. ಓಡಿಹೋಗಿ ಅಪ್ಪನ ತೋಳು ಹಿಡಿದು ಎಳೆದುಕೊಂಡು ಬಂದಳು.

ಅಪ್ಪ ಜೇಬಿನಿಂದ ಪರದೆಯ ತುಂಡನ್ನು ತೆಗೆದು ಚೂರಿನ ಮೇಲೆ ಇಟ್ಟ. ತೆಗೆದ. ಮತ್ತೆ ಇಟ್ಟ. ಅಷ್ಟರಲ್ಲಿ ಮದ್ದಿನಮ್ಮ ಕೈಯಲ್ಲೊಂದು ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದಳು. ತಮ್ಮನನ್ನು ನೋಡಿ, ನೋಡದವಳ ಹಾಗೆ ಸೋದರಸೊಸೆಯ ಕಡೆ ತಿರುಗಿದಳು.

"ನಿಮ್ಮಪ್ಪನಿಗೆ ಹೇಳು, ಸೋಸೋ ಬಟ್ಟೆನೂ ಕದ್ದುಬಿಟ್ಟೆ ಅಂತ ಇನ್ನೊಂದು ದೂರು ಹೊರಿಸೋದಾದ್ರೆ ಅದು ಅವನೇ ಕಳಿಸಿದ್ದು."

"ಈ ಬೇರು ಎಲ್ಲಿಂದ ತಂದಿದ್ದು ಅಂತ ಕೇಳು ನಿಮ್ಮತ್ತೆನ," ಎಂದ ಅಪ್ಪ. ಅವನ ಕಣ್ಣು ಚೂರಿನ ಮೇಲೇ ಇತ್ತು.

ಅತ್ತೆ ಒಳಗೆ ಹೋಗಿ ಒಂದು ಕಟ್ಟು ತಂದು ಅವರ ಮುಂದೆ ಹಾಕಿದಳು. ಕಡ್ಡಿಯಂಥ ಬೇರುಗಳು. ಹೋದ ವರ್ಷದ್ದು, ಕೆಳಗಿನ ಅರ್ಧದ್ದು, ಸಣ್ಣವು. ದಪ್ಪವನ್ನು ತಾನು ಯಾವತ್ತೂ ಮುಟ್ಟುವುದಿಲ್ಲ, ಮದ್ದಿಗೆ ಎಳೆಯ ಬೇರೇ ಬೇಕು, ಇದನ್ನು ಎಂಟು ವರ್ಷದ ಹಿಂದೆಯೂ ಹೇಳಿದ್ದಾಗಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದಳು.

ಅಪ್ಪ ತನ್ನ ಗೋಣಿಚೀಲದ ಕಡೆ ನೋಡಿದ. ಬೆಳಗಿನ ಸಂಭ್ರಮವೆಲ್ಲ ಅದರೊಳಗೆ ಕಟ್ಟಿ ಹಾಕಿದಂತೆ ಬಿದ್ದಿತ್ತು. ಕೆಂಪು ದಪ್ಪ ಬೇರಿನಲ್ಲಿಲ್ಲ. ಹಾಗಾದರೆ ಎಲ್ಲಿದೆ?

ಅವನು ಮಗಳ ಮೂಲಕ ಒಂದೊಂದಾಗಿ ಕೇಳುತ್ತ ಹೋದ. ಬೇರಿನ ಜೊತೆ ಬೇರೇನು ಹಾಕುತ್ತಾಳೆ? ಏನೂ ಇಲ್ಲ, ಬರಿ ನೀರು. ಕುದಿಸುತ್ತಾಳೋ? ಇಲ್ಲ, ಬೂದಿಯ ಮೇಲೆ ಇಟ್ಟು, ಬೆರಳು ಅದ್ದಿ ಹತ್ತು ಎಣಿಸುವಷ್ಟು ಬಿಸಿ, ಅಷ್ಟೇ. ಅವನೂ ಹಾಗೇ ಮಾಡುವುದು, ಅವರ ಅಪ್ಪ ಕಲಿಸಿದ್ದು ಇಬ್ಬರಿಗೂ ಅದನ್ನೇ. ಬಟ್ಟೆ ಒಂದೇ, ಪಟಿಕ ಒಂದೇ, ಬೇರು ಒಂದೇ, ಬಿಸಿ ಒಂದೇ. ಅವನು ತಲೆ ಕೆರೆದುಕೊಂಡು ಕಟ್ಟೆಯ ಮೇಲೆ ಕೂತ.

ಮಗಳು ಒಲೆಯ ಹತ್ತಿರ ಹೋಗಿ ಕಷಾಯದ ಮಡಕೆಯನ್ನು ಬಗ್ಗಿ ನೋಡಿದಳು. ಪಕ್ಕದಲ್ಲೇ ನೀರು ಕಾಯಿಸುವ ಪಾತ್ರೆ ಇತ್ತು. ಅದರ ಒಳಗೋಡೆಗೆ ಸುಣ್ಣ ಬಳಿದಂತೆ ಬೆಳ್ಳಗೆ ದಪ್ಪ ಪದರ ಕಟ್ಟಿತ್ತು. ಉಗುರಿನಿಂದ ಕೆರೆದಳು, ಚಕ್ಕೆ ಎದ್ದಿತು. ಆ ಸದ್ದು, ಉಗುರಿನಡಿ ಆ ಒರಟು ಎಲ್ಲೋ ಗೊತ್ತಿದ್ದದ್ದು. ಎಲ್ಲಿ?

ಹಂಡೆ. ಚಿಕ್ಕವಳಿದ್ದಾಗ ಪ್ರತಿ ಭಾನುವಾರ ಅವಳ ಕೆಲಸ ಹಂಡೆಯೊಳಗೆ ಇಳಿದು, ಇಟ್ಟಿಗೆ ಚೂರಿನಿಂದ ಈ ಬಿಳಿ ಪದರ ಕೆರೆಯುವುದು. ಕೈಗೆ ಬೊಬ್ಬೆ ಬರುತ್ತಿತ್ತು. ಆಮೇಲೆ ಆ ಕೆಲಸ ನಿಂತಿತ್ತು. ಯಾವಾಗ ನಿಂತಿತು? ಹಿತ್ತಲಿಗೆ ನಲ್ಲಿ ಬಂದ ಮೇಲೆ. ನಲ್ಲಿ ಬಂದಾಗ ಮನೆಯವರೆಲ್ಲ ಕುಣಿದಿದ್ದರು. ಸೋಪು ನೊರೆನೊರೆ, ಉಣ್ಣೆ ಬೆಣ್ಣೆಯ ಹಾಗೆ ಮೆತ್ತಗೆ, ಹಂಡೆ ಫಳಫಳ, ಹಳದಿಯಂತೂ ಮೊದಲಿಗಿಂತ ಚೊಕ್ಕ. ಅಪ್ಪ ಬಾವಿಯ ಮೇಲೆ ಕಲ್ಲುಚಪ್ಪಡಿ ಎಳೆಸಿ ಅದರ ಮೇಲೆ ತೊಗಟೆಯ ಮೂಟೆ ಪೇರಿಸಿದ್ದ. ಅದು ಎಷ್ಟು ವರ್ಷದ ಹಿಂದೆ?

ಅವಳು ಪಾತ್ರೆಯನ್ನು ಎತ್ತಿಕೊಂಡೇ ಹೊರಗೆ ಬಂದಳು.

"ಅಪ್ಪ, ಬೇರಲ್ಲ. ನೀರು," ಎಂದಳು. "ಅತ್ತೆಯದು ಬಂಡೆಯಿಂದ ಬರೋ ಗಡಸು ನೀರು. ನಮ್ಮ ಬಾವಿಯದೂ ಹಾಗೇ ಇತ್ತು. ಈಗ ನಾವು ಹಂಡೆಗೆ ಹಾಕ್ತಿರೋದು ನಲ್ಲಿಯ ಮೆದು ನೀರು, ಅದರಲ್ಲಿ ಈ ಸುಣ್ಣ ಇಲ್ಲ."

ಅಪ್ಪ ಪಾತ್ರೆಯ ಒಳಗೆ ಬೆರಳಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಹಂದಿ ಬಂದದ್ದೂ ನಲ್ಲಿ ಬಂದದ್ದೂ ಒಂದೇ ವರ್ಷ. ಅವನು ಹಂದಿಯ ಬೆನ್ನು ಹತ್ತಿ, ಅಲ್ಲಿಂದ ಅಕ್ಕನ ಬೆನ್ನು ಹತ್ತಿದ್ದ. ಅತ್ತೆ ಸೌಟಿನಿಂದ ಬೆನ್ನು ಕೆರೆದುಕೊಳ್ಳುತ್ತ ಆಕಾಶ ನೋಡುತ್ತಿದ್ದಳು. ಅವನು ಎದ್ದ, ದಾರದ ಮೇಲಿನ ಚೂರನ್ನು ತೆಗೆದು ಪರದೆಯ ತುಂಡಿನ ಜೊತೆ ಜೇಬಿಗೆ ಹಾಕಿಕೊಂಡ, ಬಿರಬಿರನೆ ನಡೆದ. ಅದು ನನ್ನ ಬಟ್ಟೆ ಎಂದು ಅತ್ತೆ ಸೊಸೆಗೆ ಹೇಳುವಷ್ಟರಲ್ಲಿ ಅವನು ತಿರುವು ದಾಟಿದ್ದ.

ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಊಟ ಯಾರಿಗೂ ನೆನಪಾಗಲಿಲ್ಲ. ಬಾವಿಯ ಮೇಲಿನ ಹನ್ನೊಂದು ಮೂಟೆ ಇಳಿಸಿದರು. ಚಪ್ಪಡಿ ಅಲ್ಲಾಡಲಿಲ್ಲ. ಮಗಳು ಪಕ್ಕದ ಕಮ್ಮಾರನನ್ನು ಕರೆದಳು. ಅವನು ಹಾರೆ ತಂದು, ಒಳಗೆ ಏನು ಬಚ್ಚಿಟ್ಟಿದ್ದೀರಿ ಎಂದು ಕೇಳಿದ. ಕೆಂಪು ಎಂದಳು ಅವಳು. ಅವನು ಅಪ್ಪನ ಮುಖ ನೋಡಿ ಹಾರೆಯನ್ನು ಸಂದಿಗೆ ಕೊಟ್ಟ. ಮೂವರೂ ಮೈಭಾರ ಹಾಕಿದರು. ಕಲ್ಲು ಒಂದು ಗೇಣು ಸರಿಯಿತು, ಮತ್ತೊಂದು ಗೇಣು. ತಣ್ಣನೆಯ ವಾಸನೆ ಮುಖಕ್ಕೆ ಬಡಿಯಿತು. ಅಪ್ಪ ಒಂದು ಬೆಣಚುಕಲ್ಲು ಬಿಟ್ಟ. ಮೂವರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಕೆಳಗಿನಿಂದ ಬುಳಕ್ ಎಂದಿತು.

ಮೊದಲ ಎರಡು ಬಿಂದಿಗೆಯಲ್ಲಿ ಬಂದದ್ದು ಎಲೆ, ಕಸ. ಐದನೆಯದು ತಿಳಿಯಾಗಿತ್ತು. ಮಗಳು ಸೋಪು ತಂದು ಆ ನೀರಿನಲ್ಲಿ ಕೈ ಉಜ್ಜಿದಳು. ಉಜ್ಜಿದಳು, ಉಜ್ಜಿದಳು. ನೊರೆ ಬರಲಿಲ್ಲ. ಬಿಳಿ ಗಸಿ ಮಾತ್ರ ಬೆರಳ ಸಂದಿಗೆ ಅಂಟಿತು. ಅವಳು ಒದ್ದೆ ಕೈಗಳನ್ನು ಅಪ್ಪನ ಮುಖದ ಮುಂದೆ ಹಿಡಿದು ನಗತೊಡಗಿದಳು. ಅಪ್ಪನೂ ಉಜ್ಜಿ ನೋಡಿ ನಕ್ಕ.

"ನೊರೆ ಬರದಿದ್ದಕ್ಕೆ ಇಷ್ಟು ಖುಷಿಪಡೋ ಮನೆ ನಾನು ನೋಡೇ ಇಲ್ಲ," ಎಂದ ಕಮ್ಮಾರ. ಹಾರೆಯನ್ನು ಹೆಗಲಿಗೇರಿಸಿದವನು, ಬೆಳಿಗ್ಗೆ ಬಂದು ನೋಡುತ್ತೇನೆ ಎಂದು ತಾನಾಗಿಯೇ ಹೇಳಿಹೋದ.

ಆಮೇಲೆ ಒಂದು ಸಣ್ಣ ಜಗಳ. ಅಪ್ಪನಿಗೆ ದಪ್ಪ ಬೇರನ್ನು ಬಿಡಲು ಮನಸ್ಸಿಲ್ಲ. ಮಗಳು ಕಪಾಟಿನಿಂದ ಹಳೆಯ, ಸಣ್ಣ, ಒಣ ಬೇರನ್ನೇ ತೆಗೆದಳು. ಮೊನ್ನೆ ಇಟ್ಟಿಗೆ ಬಣ್ಣ ಕೊಟ್ಟದ್ದು ಅದೇ. "ಎಲ್ಲಾ ಮೊನ್ನೆಯದೇ ಇರ್ಲಿ ಅಪ್ಪ. ನೀರೊಂದೇ ಬದಲಾಗ್ಲಿ. ಇಲ್ಲಾಂದ್ರೆ ಯಾವುದು ಕೆಲಸ ಮಾಡ್ತು ಅಂತ ನನಗೆ ಯಾವತ್ತೂ ಗೊತ್ತಾಗಲ್ಲ." ಅಪ್ಪ ಅವಳನ್ನು ಒಂದು ಗಳಿಗೆ ನೋಡಿ ಒನಕೆಯನ್ನು ಅವಳ ಕೈಗೇ ಕೊಟ್ಟ. ಕತ್ತಲಾಗುವ ಮೊದಲೇ ಕುಟ್ಟಿದ ಬೇರು ಬಾವಿಯ ನೀರಿನಲ್ಲಿ ನೆನೆಯುತ್ತಿತ್ತು.

ಶನಿವಾರ ಆರು ಗಂಟೆಗೆ ಹಂಡೆಯಡಿ ಸಣ್ಣ ಉರಿ ಹಚ್ಚಿದರು. ನೆನೆದ ಬೇರನ್ನು ನೀರಿನ ಸಮೇತ ಸುರಿದಾಗ ಹಂಡೆ ಮೊದಲು ಮಣ್ಣುನೀರಿನಂತೆಯೇ ಕಂಡಿತು. ಎಂಟಕ್ಕೆ ಪಟಿಕದಲ್ಲಿ ಸಿದ್ಧವಾಗಿದ್ದ ಬಟ್ಟೆಯನ್ನು ಮಗಳೇ ಇಳಿಸಿದಳು. ಕೋಲಿನಿಂದ ಮೆಲ್ಲಗೆ ಮಗುಚುತ್ತ ನಿಂತಳು. ಬಟ್ಟೆ ಮೊದಲು ಹಳದಿಗೆ ತಿರುಗಿತು, ಆಮೇಲೆ ಕಿತ್ತಳೆ. ಇಟ್ಟಿಗೆಗೆ ಹೋಗುವ ಬಟ್ಟೆಯೂ ಇದೇ ದಾರಿಯಲ್ಲಿ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಒಂಬತ್ತರ ಹೊತ್ತಿಗೆ ಹಿತ್ತಲ ಬಾಗಿಲು ಕಿರುಗುಟ್ಟಿತು. ಮದ್ದಿನಮ್ಮ. ಎಂಟು ವರ್ಷದ ಮೇಲೆ ಆ ಅಂಗಳಕ್ಕೆ ಕಾಲಿಟ್ಟವಳು ಅತ್ತಿತ್ತ ನೋಡದೆ, ತನ್ನ ಸೋಸುವ ಬಟ್ಟೆ ವಾಪಸು ಬೇಕು, ಅದಕ್ಕೇ ಬಂದೆ ಎಂದು ಸೊಸೆಗೆ ಹೇಳಿದಳು. ಬಟ್ಟೆ ಸಿಗುವವರೆಗೆ ಕೂರುವವಳಂತೆ ಹಂಡೆಯ ಪಕ್ಕದ ಮಣೆಯ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ, ಯಾರೂ ಕೇಳದಿದ್ದರೂ, ಹಂಡೆಗೆ ಬೆರಳು ಅದ್ದಿ ಎಣಿಸಿದಳು. ಆರಕ್ಕೇ ಬೆರಳು ತೆಗೆದಳು.

"ಉರಿ ಜಾಸ್ತಿಯಾಯ್ತು ಅಂತ ಹೇಳು ನಿಮ್ಮಪ್ಪನಿಗೆ."

ಮಗಳು ಹೇಳುವ ಮೊದಲೇ ಅಪ್ಪ ಬಗ್ಗಿ ಎರಡು ಕೊಳ್ಳಿ ಹಿಂದಕ್ಕೆ ಎಳೆದ. ಅತ್ತೆ ಮತ್ತೆ ಅದ್ದಿದಳು, ಎಣಿಸಿದಳು. ಹತ್ತು. ತಲೆಯಾಡಿಸಿದಳು. ಅಲ್ಲಿಂದ ಮುಂದೆ ಹಾಗೇ ನಡೆಯಿತು. ಅವಳು ಎಣಿಸುವುದು, ಅವನು ಕೊಳ್ಳಿ ಎಳೆಯುವುದು ಇಲ್ಲವೇ ನೂಕುವುದು, ಮಗಳು ಮಗುಚುವುದು. ಕಮ್ಮಾರ ಬಂದು ಬೇಲಿಗೆ ಒರಗಿ ನಿಂತ. ಯಾರೂ ಅವನಿಗೆ ಕೂರು ಎನ್ನಲಿಲ್ಲ.

ಹತ್ತೂವರೆಗೆ ಮಗಳು ಕೋಲಿನಿಂದ ಬಟ್ಟೆಯ ತುದಿಯನ್ನು ಎತ್ತಿದಳು. ನೀರು ತೊಟ್ಟಿಕ್ಕಿತು. ಕಿತ್ತಳೆ ಎಲ್ಲಿಯೂ ಇರಲಿಲ್ಲ. ಕಂದೂ ಇರಲಿಲ್ಲ.

"ಒದ್ದೆ ಬಟ್ಟೆನ ನಂಬಬಾರದು," ಎಂದ ಅಪ್ಪ. ಒಣಗಿದ ಮೇಲೆ ಅದು ಎತ್ತ ಬೇಕಾದರೂ ತಿರುಗಬಹುದು. ಮ್ಯಾನೇಜರು ಬರಲು ಒಂದೂವರೆ ಗಂಟೆ. ಜಾಲಿಸಿ, ಹಿಂಡಿ ಹಗ್ಗಕ್ಕೆ ಹಾಕಿದರೆ ಉಣ್ಣೆ ಅಷ್ಟರಲ್ಲಿ ಒಣಗುವುದಿಲ್ಲ. ಕಮ್ಮಾರ ತನ್ನ ಕುಲುಮೆಯ ತಿದಿಯ ಮುಂದೆ ಹಿಡಿಯಿರಿ ಎಂದ. ಅಪ್ಪ ಮಸಿ ಎಂದು ತಲೆಯಾಡಿಸಿದ. ಮಗಳು ಜಾಲಿಸಿ ಹಿಂಡಿದ ಬಟ್ಟೆಯ ಎರಡು ಮೂಲೆಯನ್ನು ಕಮ್ಮಾರನ ಕೈಗೆ ಕೊಟ್ಟು, ಕೈ ತೊಳೆದಿದ್ದೀಯ ತಾನೆ ಎಂದು ಕೇಳಿ, ಇನ್ನೆರಡನ್ನು ತಾನು ಹಿಡಿದಳು. ಇಬ್ಬರೂ ಬೀದಿಗೆ ಓಡಿದರು.

ಬೀದಿಯ ಉದ್ದಕ್ಕೂ ಬಿಸಿಲು ಬಿದ್ದಿತ್ತು. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ಬಟ್ಟೆ ಅವರ ನಡುವೆ ಗಾಳಿ ತುಂಬಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಕಿಟಕಿಗಳು ತೆರೆದವು. ಕ್ಷೌರಿಕ ಅರ್ಧ ಬೋಳಿಸಿದ ಗಿರಾಕಿಯೊಂದಿಗೆ ಬಾಗಿಲಿಗೆ ಬಂದ. ಕಮ್ಮಾರ ಏದುಸಿರು ಬಿಡುತ್ತ, ಕುದುರೆಗೆ ಲಾಳ ಹೊಡೆಯೋದು ಇದಕ್ಕಿಂತ ಸುಲಭ ಎಂದ. ಪ್ರತಿ ಸುತ್ತಿಗೂ ಬಟ್ಟೆ ಹಗುರಾಗುತ್ತಿತ್ತು, ಬಣ್ಣ ತಿಳಿಯಾಗುತ್ತಿತ್ತು. ತಿಳಿಯಾಗುತ್ತ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದೊಂದೇ ಮಗಳ ಕಣ್ಣಿನಲ್ಲಿ. ಎಂಟನೆಯ ಸುತ್ತು, ಒಂಬತ್ತನೆಯದು. ನಿಂತಿತು. ಬಣ್ಣ ಇನ್ನು ತಿರುಗಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮ್ಯಾನೇಜರು ಬಂದರು. ಪರದೆಯ ಸುಟ್ಟ ಪಟ್ಟಿಯಲ್ಲಿ ಉಳಿದಿದ್ದ ದೊಡ್ಡದೊಂದು ಭಾಗವನ್ನೇ ಮಡಿಸಿ ತಂದಿದ್ದರು. ಬಹುಶಃ ಬಣ್ಣ ಹೊಂದುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಾಗದೆ, ತೋರಿಸಿಯೇ ಹೇಳಬೇಕೆಂದುಕೊಂಡಿದ್ದರು. ಅದನ್ನು ಕಿಟಕಿಯ ಬಳಿಯ ಮೇಜಿನ ಮೇಲೆ ಹರಡಿದರು. ಮಗಳು ಹೊಸ ಬಟ್ಟೆಯನ್ನು ಅದರ ಮೇಲೆ ಹಾಸಿ ಕೈಯಿಂದ ಸವರಿದಳು. ಮ್ಯಾನೇಜರು ಬಗ್ಗಿದರು. ಕನ್ನಡಕ ತೆಗೆದರು, ಒರೆಸಿ ಹಾಕಿಕೊಂಡರು. ಕೊನೆಗೆ ಎರಡರ ನಡುವಿನ ಗೆರೆಯನ್ನು ಬೆರಳಿನಿಂದ ತಡಕಿ ಹುಡುಕಿದರು.

"ಸೋಮವಾರ ಪೂರ್ತಿ ಪಟ್ಟಿ ಶುರುಮಾಡಿ. ಪರದೆ ಇಳಿಸಲ್ಲ," ಎಂದರು. ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಮಗಳು ಹಿತ್ತಲಿಗೆ ಹೋದಳು. ಹಂಡೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅದರ ಒಳಗೋಡೆಯಲ್ಲಿ, ನೀರಿನ ಮಟ್ಟ ಇಳಿದ ಕಡೆ, ದಾರದಷ್ಟು ಸಣ್ಣ ಬಿಳಿ ಗೆರೆಯೊಂದು ಆಗಲೇ ಕೂತಿತ್ತು. ಇನ್ನು ಪ್ರತಿ ಭಾನುವಾರ ಕೆರೆಯಬೇಕು. ಅವಳಿಗೆ ನಗು ತಡೆಯಲಾಗಲಿಲ್ಲ.

ಒಳಗೆ ಮದ್ದಿನಮ್ಮ ಇನ್ನೂ ತನ್ನ ಬಟ್ಟೆಗಾಗಿ ಕಾಯುತ್ತಿದ್ದಳು. ಅದು ಸಿಗುವಂತಿರಲಿಲ್ಲ. ಅಪ್ಪ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದ ಅದನ್ನೂ ಮ್ಯಾನೇಜರು ಮಾದರಿ ಎಂದುಕೊಂಡು ಪರದೆಯ ಜೊತೆ ಮಡಿಸಿಟ್ಟುಕೊಂಡಿದ್ದರು, ಕಷಾಯದ ವಾಸನೆ ಸಮೇತ. ಅಪ್ಪ ಕಪಾಟು ತೆರೆದು ಪಟಿಕ ಹಾಕಿದ ಉಣ್ಣೆಯ ಹೊಸ ಸುರುಳಿಯನ್ನು ಹೊರಗೆಳೆದ. ಚೂರಲ್ಲ, ಇಡೀ ಸುರುಳಿ. ಕತ್ತರಿ ಕೈಗೆತ್ತಿಕೊಂಡ. ಮಗಳು ಬಾಗಿಲಲ್ಲಿದ್ದಾಳೆ, ಅವಳ ಮೂಲಕ ಕೇಳಬಹುದಿತ್ತು. ಕೇಳಲಿಲ್ಲ.

"ಅಕ್ಕ," ಎಂದ, "ನಿನಗೆ ಎಷ್ಟುದ್ದ ಬೇಕು?"

ಮದ್ದಿನಮ್ಮ ಸೊಸೆಯ ಕಡೆ ತಿರುಗಲು ಹೋದವಳು ಅರ್ಧಕ್ಕೇ ನಿಂತಳು.

"ಹಂದಿಗೆ ಎಷ್ಟು ಬೇಕಾಗುತ್ತೋ ಅಷ್ಟು ಕೊಡಪ್ಪ," ಎಂದಳು.

ಅಪ್ಪ ಅಳತೆ ಕೋಲನ್ನು ಮುಟ್ಟದೆ ಕತ್ತರಿಸಿದ.